ಆಪರೇಶನ್ ಆದ ಮೇಲಿನ 21 ದಿನ: ಮಗು ಮುಂದಿನ ಕೀಮೋಗೆ ಹೊತ್ತಿಗೆ ಸರಿಯಾಗಿ ಎದ್ದು ನಿಲ್ಲಬೇಕಾದರೆ

ಯಾದಗಿರಿ_ಕಾಕಾ
ನಮಸ್ಕಾರ್ರಿ ಎಲ್ಲರಿಗೂ. ಅಣ್ಣನ ಮಗಳಿಗೆ ಏಳು ವರ್ಷ, ತೂಕ 21 ಕೆಜಿ. ಎಡಗಡಿ ಕಿಡ್ನಿಯೊಳಗ ಗಡ್ಡಿ ಅದ, ವಿಲ್ಮ್ಸ್ ಟ್ಯೂಮರ್ (ಮಕ್ಕಳ ಕಿಡ್ನಿ ಕ್ಯಾನ್ಸರ್) ಅಂತ ಬರದಾರ. ನಾಲ್ಕು ವಾರದ ಕೀಮೋ ಮುಗೀಲಿಕ್ಕೆ ಬಂದದ, ಇನ್ನ ಹತ್ತು ದಿನಕ್ಕ ಮುಂಬೈ ಪರೇಲ್‌ನ ಟಾಟಾ ಕ್ಯಾನ್ಸರ್ ದವಾಖಾನಿಯೊಳಗ ಆಪರೇಶನ್. ಕೊಯ್ಯೋದು ಹೊಲಿಯೋದು ಡಾಕ್ಟರ್ ನೋಡ್ಕೋತಾರ. ಅದರ ಹಿಂದ ಮುಂದ ನಮ್ಮ ಕೈಯಾಗ ಇರೋದು ಏನು? ಊರಾಗಿನವರು ಒಬ್ಬೊಬ್ಬರು ಒಂದೊಂದು ಪಥ್ಯ ಹೇಳ್ಲಿಕತ್ತಾರ. ಲೆಕ್ಕ ಹಚ್ಚಿ ಹೇಳೋರು ಯಾರರೆ ಇದ್ದೀರೇನ್ರಿ?

ಶುಶ್ರೂಷೆ_ಪರೇಲ್
ಕಾಕಾ, ಮೊದಲು ಒಂದು ತಾರೀಖು ಬರೆದಿಟ್ಟುಕೊಳ್ಳಿ. ಮೊದಲು ಕೀಮೋ, ಆಮೇಲೆ ಆಪರೇಶನ್ ಅನ್ನುವ ಈ ಕ್ರಮ ಯುರೋಪಿನ ಸಿಯೋಪ್ (ಮಕ್ಕಳ ಕ್ಯಾನ್ಸರ್ ವೈದ್ಯರ ಸಂಘ) ಪದ್ಧತಿಯದು. ಅದರಲ್ಲಿ ಮುಂದಿನ ಕೀಮೋ ಬೇಕಿದ್ದರೆ ಆಪರೇಶನ್ ಆದ 21 ದಿನದೊಳಗೆ ಶುರುವಾಗಬೇಕು. ಗಡ್ಡೆ ಪೂರ್ತಿ ಸತ್ತುಹೋಗಿದ್ದು ಮೊದಲನೇ ಹಂತದಲ್ಲೇ ಇದ್ದರೆ ಬೇಕಾಗದೆಯೂ ಇರಬಹುದು, ಅದನ್ನು ತೆಗೆದ ಗಡ್ಡೆಯನ್ನು ಪರೀಕ್ಷಿಸಿದ ಪೆಥಾಲಜಿ ವರದಿ ಹೇಳುತ್ತದೆ. ಉಳಿದವರಿಗೆಲ್ಲ ಈ 21 ದಿನವೇ ಲೆಕ್ಕ. ಗಾಯ ಬಿಟ್ಟುಕೊಂಡರೆ, ಸೋಂಕಾದರೆ, ತೂಕ ಇಳಿದರೆ, ಎದೆಯಲ್ಲಿ ಕಫ ಕಟ್ಟಿದರೆ ಕೀಮೋ ಮುಂದಕ್ಕೆ ಹೋಗುತ್ತದೆ. ಸರ್ಜನ್ ಗಡ್ಡೆ ತೆಗೆದದ್ದು ಅರ್ಧ ಕೆಲಸ. ಆದ್ದರಿಂದ "ಆಪರೇಶನ್ ಆಯ್ತು, ಇನ್ನು ಮಗು ಮಲಗಿ ವಿಶ್ರಾಂತಿ ತಗೊಳ್ಳಲಿ" ಅನ್ನುವ ಯೋಚನೆಯನ್ನೇ ಬಿಡಿ.

ಆಪರೇಶನ್ ಹಿಂದಿನ ದಿನ ನಿಮ್ಮ ಕೈಯಲ್ಲಿರುವುದು ಉಪವಾಸದ ಲೆಕ್ಕ. ಊಟಕ್ಕೆ ಮತ್ತು ಹಸುವಿನ ಹಾಲಿಗೆ 6 ಗಂಟೆ, ತಾಯಿ ಹಾಲಿಗೆ 4 ಗಂಟೆ, ತಿಳಿಯಾದ ನೀರಿಗೆ 2 ಗಂಟೆ. ಕೆಲವು ಕಡೆ ಈಗ ತಿಳಿ ನೀರಿಗೆ 1 ಗಂಟೆ ಅಂತಲೂ ಮಾಡಿದ್ದಾರೆ. ತಿಳಿ ಅಂದರೆ ಲೋಟದ ಆಚೆಗಿನ ಅಕ್ಷರ ಓದಲು ಬರಬೇಕು: ನೀರು, ಸಕ್ಕರೆ ನೀರು, ತಿರುಳಿಲ್ಲದ ಸೇಬಿನ ರಸ. ಮಜ್ಜಿಗೆ, ಗಂಜಿ ತಿಳಿ, ಹಾಲು ಹಾಕಿದ ಚಹಾ ಇದರಲ್ಲಿ ಬರುವುದಿಲ್ಲ. ತಪ್ಪಾಗುವುದು ಎಲ್ಲಿ ಗೊತ್ತಾ? "ರಾತ್ರಿ ಹನ್ನೆರಡರ ನಂತರ ಏನೂ ಬೇಡ" ಅಂತ ಯಾರೋ ಹೇಳಿರುತ್ತಾರೆ, ಮಗುವಿನ ಸರದಿ ಬರುವುದು ಮಧ್ಯಾಹ್ನ ಎರಡಕ್ಕೆ. 14 ಗಂಟೆ ನೀರೂ ಇಲ್ಲದ ಮಗು ಒಣಗಿ, ಅತ್ತು, ಸಕ್ಕರೆ ಅಂಶ ಇಳಿದು ಥಿಯೇಟರಿಗೆ ಹೋಗುತ್ತದೆ. ಹಿಂದಿನ ಸಂಜೆಯೇ ಅರಿವಳಿಕೆ ಡಾಕ್ಟರನ್ನು ಕೇಳಿ: "ಕೊನೆಯ ನೀರು ಎಷ್ಟು ಗಂಟೆಗೆ?" ಸರದಿ ಹಿಂದಕ್ಕೆ ಹೋದರೆ ಸಿಸ್ಟರನ್ನು ಮತ್ತೆ ಕೇಳಿ. ಪ್ರಮಾಣ ಕೆಜಿಗೆ 3 ಎಂಎಲ್, ಅಂದರೆ ನಿಮ್ಮ ಮಗುವಿಗೆ ಸುಮಾರು 60 ಎಂಎಲ್, ಒಂದು ಕಟಿಂಗ್ ಚಾಯ್ ಗ್ಲಾಸಿನಷ್ಟು. ಕೇಳದೆ ಮಾತ್ರ ಒಂದು ಗುಟುಕೂ ಕೊಡಬೇಡಿ.

ಅಡುಗೆಮನೆ_ಲೆಕ್ಕ
ಹತ್ತು ದಿನ ಇದೆ ಅಂದಿರಲ್ಲ, ಅದು ಚಿನ್ನದಂಥ ಸಮಯ ಮಾರಾಯ್ರೆ. ತೂಕದ ಯಂತ್ರವನ್ನು ಮಾತ್ರ ನಂಬಬೇಡಿ. ಹೊಟ್ಟೆಯಲ್ಲಿ ದೊಡ್ಡ ಗಡ್ಡೆ ಇರುವ ಮಗುವಿನ 21 ಕೆಜಿಯಲ್ಲಿ ಗಡ್ಡೆಯ ತೂಕವೂ ಸೇರಿದೆ. ಮಗು ಸೊರಗುತ್ತಾ ಹೋದರೂ ಮುಳ್ಳು ಅಲ್ಲೇ ನಿಂತಿರುತ್ತದೆ. ಅದಕ್ಕೇ ತೋಳಿನ ಸುತ್ತಳತೆ ನೋಡುವುದು. ಎಡ ತೋಳು, ಹೆಗಲ ಮೂಳೆಯ ತುದಿಗೂ ಮೊಣಕೈಗೂ ಸರಿ ಮಧ್ಯ, ಕೈ ಇಳಿಬಿಟ್ಟು, ದರ್ಜಿಯ ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ವಾರಕ್ಕೊಮ್ಮೆ, ಒಬ್ಬರೇ ಅಳೆಯಿರಿ. ಅರ್ಧ ಸೆಂಟಿಮೀಟರ್ ಇಳಿದರೂ ಆಹಾರ ತಜ್ಞರಿಗೆ ಹೇಳಿ.

ಪ್ರೋಟೀನ್ ಕೆಜಿಗೆ ಒಂದೂವರೆಯಿಂದ ಎರಡು ಗ್ರಾಂ ಅಂತ ಹಿಡಿಯಿರಿ. 21 ಕೆಜಿಗೆ ದಿನಕ್ಕೆ 32ರಿಂದ 42 ಗ್ರಾಂ. ಎರಡು ಮೊಟ್ಟೆ 12, ಅರ್ಧ ಲೀಟರ್ ಹಾಲು 16, ಒಂದು ಹಿಡಿ ಹುರಿದ ಶೇಂಗಾ, ಸುಮಾರು 30 ಗ್ರಾಂ, 7. ಇಷ್ಟರಲ್ಲೇ 35 ಆಯಿತು, ಬೇಳೆ ರೊಟ್ಟಿ ಬೇರೆ. ಮೊಟ್ಟೆ ತಿನ್ನದವರು 100 ಗ್ರಾಂ ಪನೀರಿಗೆ 18 ಅಂತ ಲೆಕ್ಕ ಹಾಕಿಕೊಳ್ಳಿ.

ರಾಗಿ ಬಗ್ಗೆ ಒಂದು ಮಾತು. ಊರಿಂದ ರಾಗಿ ಹಿಟ್ಟಿನ ಡಬ್ಬ ಬಂದೇ ಬರುತ್ತದೆ. ಒಳ್ಳೆಯದೇ, ಆದರೆ ಎರಡು ಚಮಚ ರಾಗಿಯಲ್ಲಿ ಪ್ರೋಟೀನ್ ಒಂದೂವರೆ ಗ್ರಾಂ ಸಿಕ್ಕರೆ ಹೆಚ್ಚು. ನೀರಲ್ಲಿ ಕಾಸಿದ ತೆಳು ಗಂಜಿ ಮೂರು ಹೊತ್ತು ಕುಡಿದ ಮಗುವಿಗೆ ಹೊಟ್ಟೆ ತುಂಬಿರುತ್ತದೆ, ಮೈ ತುಂಬುವುದಿಲ್ಲ. ಹಾಲಲ್ಲೇ ಕಾಸಿ, ಇಳಿಸುವಾಗ ಒಂದು ದೊಡ್ಡ ಚಮಚ ಹಾಲಿನ ಪುಡಿ, ಒಂದು ಚಿಕ್ಕ ಚಮಚ ತುಪ್ಪ, ನುಣ್ಣಗೆ ಪುಡಿ ಮಾಡಿದ ಶೇಂಗಾ ಸೇರಿಸಿ. ಲೋಟ ಅದೇ, ಒಳಗಿನ ಸತ್ವ ದುಪ್ಪಟ್ಟು.

ಸೊಲ್ಲಾಪುರ_ಅಜ್ಜಿ
ಮೊಟ್ಟೆ, ಶೇಂಗಾ ಎಲ್ಲಾ ನಂಜು ಅಲ್ಲೇನ್ರೀ? ಹೊಲಿಗಿ ಹಾಕಿದ ಗಾಯಕ್ಕ ಬದನಿಕಾಯಿ, ಕುಂಬಳಕಾಯಿ, ಮೊಟ್ಟಿ, ಮೀನು ಕೊಟ್ರ ಕೀವು ತುಂಬತದ ಅಂತ ಹಿರೇರು ಹೇಳ್ಕೋತ ಬಂದಾರ.

ಅಡುಗೆಮನೆ_ಲೆಕ್ಕ
ಅಜ್ಜಿ, ನೀವು ಕೇಳಿದ್ದು ಒಳ್ಳೆಯದಾಯಿತು. ಇದನ್ನು ಯಾರೂ ಡಾಕ್ಟರ್ ಎದುರು ಬಾಯಿ ಬಿಟ್ಟು ಹೇಳುವುದಿಲ್ಲ, ಧರ್ಮಶಾಲೆಗೆ ಹೋಗಿ ಸದ್ದಿಲ್ಲದೆ ಪಾಲಿಸುತ್ತಾರೆ. ಕೀವು ತುಂಬುವುದು ಗಾಯಕ್ಕೆ ಕ್ರಿಮಿ ಸೇರಿದಾಗ, ತಟ್ಟೆಯಲ್ಲಿ ಬದನೆಕಾಯಿ ಬಿದ್ದಾಗ ಅಲ್ಲ. ಗಾಯ ಕೂಡಬೇಕಾದರೆ ಮೈ ಹೊಸ ಮಾಂಸ ನೇಯಬೇಕು, ಅದಕ್ಕೆ ನೂಲು ಪ್ರೋಟೀನ್. ನಂಜಿನ ಪಟ್ಟಿ ನೋಡಿ: ಮೊಟ್ಟೆ, ಮೀನು, ಶೇಂಗಾ, ಕೆಲವು ಮನೆಗಳಲ್ಲಿ ತೊಗರಿಬೇಳೆಯೂ. ಬಡವರ ಮನೆಯ ಪ್ರೋಟೀನೆಲ್ಲ ಅದರಲ್ಲೇ ಇದೆ. ಅಷ್ಟನ್ನೂ ತೆಗೆದು ಬರೀ ಅನ್ನ-ತಿಳಿಸಾರು ಕೊಟ್ಟರೆ ಹತ್ತನೇ ದಿನಕ್ಕೆ ಗಾಯದ ಅಂಚು ಕೂಡುವುದಿಲ್ಲ. ಆಗ ನಂಜೇ ಆಯಿತು ಅಂತ ಇನ್ನಷ್ಟು ಪಥ್ಯ! ಮಗುವಿಗೆ ಯಾವುದಾದರೂ ತಿಂದರೆ ಮೈಮೇಲೆ ದದ್ದು ಏಳುತ್ತದೆ ಅಂತಿದ್ದರೆ ಅದು ಅಲರ್ಜಿ, ಆ ಮಾತು ಬೇರೆ.

ನಿಜವಾಗಿ ದೂರ ಇಡಬೇಕಾದದ್ದು ಬೇರೆ ಇದೆ. ಕೀಮೋದಿಂದ ಕೌಂಟ್ (ರಕ್ತದ ಬಿಳಿ ಕಣಗಳ ಸಂಖ್ಯೆ) ಬಿದ್ದಿರುವಾಗ ಹಸಿ ಸೊಪ್ಪಿನ ಕೋಸಂಬರಿ, ಅರೆಬೆಂದ ಮೊಟ್ಟೆ, ರಸ್ತೆ ಬದಿಯ ಪಾನಿಪುರಿ, ಕತ್ತರಿಸಿಟ್ಟ ಹಣ್ಣು, ಬೆಳಗ್ಗೆ ಮಾಡಿ ರಾತ್ರಿಗೆ ಉಳಿದ ಚಟ್ನಿ. ನೀರು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲಿ, ಮುಚ್ಚಿ ಆರಿಸಿ. ಬಾಳೆಹಣ್ಣು, ಕಿತ್ತಳೆಯಂಥ ದಪ್ಪ ಸಿಪ್ಪೆಯವನ್ನು ತೊಳೆದು ನೀವೇ ಸುಲಿದು ಕೊಡಿ.

ಶುಶ್ರೂಷೆ_ಪರೇಲ್
ಇದರ ಜೊತೆಗೇ: ಗಾಯದ ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ, ವಿಭೂತಿ, ಯಾವುದೂ ಬೇಡ. ವಿಭೂತಿ ಹಣೆಗೆ ಹಚ್ಚಿ, ಸಾಕು.

ನಡಿಗೆ_ಫಿಸಿಯೊ
ನನ್ನ ಪಾಲಿನದು ಉಸಿರು ಮತ್ತು ಕಾಲು.

ಹೊಟ್ಟೆಗೆ ದೊಡ್ಡ ಕೊಯ್ತ ಬಿದ್ದ ಮಗು ನೋವಿಗೆ ಹೆದರಿ ಮೇಲುಸಿರು ಮಾತ್ರ ಎಳೆಯುತ್ತದೆ. ಪುಪ್ಪುಸದ ಕೆಳಭಾಗ ಮುದುಡಿ, ಕಫ ನಿಂತು, ಎರಡನೇ ಮೂರನೇ ದಿನ ಜ್ವರ. ಅದಕ್ಕೇ ಮೂರು ಚೆಂಡಿನ ಸ್ಪೈರೋಮೀಟರ್ (ಉಸಿರಿನ ವ್ಯಾಯಾಮದ ಸಾಧನ) ಕೊಡುತ್ತಾರೆ. ಆಪರೇಶನ್ನಿಗೆ ಮೊದಲೇ ಕೊಂಡು ಕಲಿಸಿ. ಕೊಯ್ದ ಹೊಟ್ಟೆಯಲ್ಲಿ ಹೊಸ ಆಟ ಯಾವ ಮಗುವೂ ಕಲಿಯುವುದಿಲ್ಲ. ಹತ್ತರಲ್ಲಿ ಎಂಟು ಮಕ್ಕಳು ಅದನ್ನು ಊದುತ್ತವೆ. ಅದು ಊದುವುದಲ್ಲ, ಎಳೆಯುವುದು. ಎಳನೀರಿಗೆ ಸ್ಟ್ರಾ ಹಾಕಿ ಎಳೆಯುವ ಹಾಗೆ ಅಂದರೆ ತಿಳಿಯುತ್ತದೆ. ಚೆಂಡುಗಳ ಮೇಲೆ 600, 900, 1200 ಅಂತ ಇರುತ್ತದೆ. ಮೂರನ್ನೂ ಜಿಗಿಸಿ ಬೀಳಿಸುವುದಕ್ಕಿಂತ ಒಂದೇ ಚೆಂಡನ್ನು ಮೂರು ಸೆಕೆಂಡ್ ಮೇಲೆ ನಿಲ್ಲಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ. ನಡುವೆ ತಲೆ ಸುತ್ತಿದರೆ ನಿಲ್ಲಿಸಿ, ಅವಸರ ಮಾಡಿದೆ ಅಂತ ಅರ್ಥ. ಐದು ವರ್ಷಕ್ಕಿಂತ ಸಣ್ಣವರಿಗೆ ಸೋಪಿನ ಗುಳ್ಳೆ, ಕಾಗದದ ಗಿರಗಿಟ್ಟೆ ಸಾಕು.

ಕೆಮ್ಮುವಾಗ ಒಂದು ಸಣ್ಣ ದಿಂಬನ್ನು ಗಾಯದ ಮೇಲೆ ಎರಡೂ ಕೈಯಿಂದ ಅಪ್ಪಿಕೊಳ್ಳಲಿ, ಗಾಯ ಜಗ್ಗುವುದಿಲ್ಲ. ಏಳುವಾಗ ನೇರ ಎತ್ತಿ ಕೂರಿಸಬೇಡಿ, ಕಂಕುಳಿಗೆ ಕೈ ಹಾಕಿ ಎಳೆಯಲೇಬೇಡಿ. ಮೊದಲು ಪಕ್ಕಕ್ಕೆ ಹೊರಳಲಿ, ಮೊಣಕಾಲು ಮಡಿಸಲಿ, ಕಾಲು ಮಂಚದಿಂದ ಕೆಳಗಿಳಿಯಲಿ, ಆಮೇಲೆ ಮೊಣಕೈ ಊರಿ ಮೇಲೇಳಲಿ. ಸರ್ಜನ್ ಬೇಡ ಅನ್ನದಿದ್ದರೆ ಆ ಸಂಜೆ ಅಥವಾ ಮರುದಿನ ಬೆಳಗ್ಗೆಯೇ ಕೂರುವುದು, ಅದರ ಮರುದಿನ ಕುರ್ಚಿ, ಆಮೇಲೆ ಬಾಗಿಲವರೆಗೆ ನಡಿಗೆ. ನಡೆಸುವ ಅರ್ಧ ಗಂಟೆ ಮೊದಲು ನೋವಿನ ಔಷಧಿ ಬಿದ್ದಿರಬೇಕು. ನೋವು ತಡೆಯದೆ ನಡೆಸಿದರೆ ಮರುದಿನ ಮಗು ನಿಮ್ಮ ಮುಖ ಕಂಡರೇ ಅಳುತ್ತದೆ. ಡ್ರೈನ್ ಚೀಲ (ಗಾಯದೊಳಗಿನ ದ್ರವ ಹೊರಗೆ ತರುವ ನಳಿಗೆಯದು), ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೇ ಇರಲಿ, ನಳಿಗೆಯನ್ನು ಬಟ್ಟೆಗೆ ಪಿನ್ ಮಾಡಿ.

ಯಾದಗಿರಿ_ಕಾಕಾ
ನೋವು ಎಷ್ಟದ ಅಂತ ಹುಡುಗಿ ಹೇಳೂದಿಲ್ರಿ. ಕೇಳಿದ್ರ ಗೋಡಿ ಕಡಿ ತಿರುಗ್ತದ.

ಶುಶ್ರೂಷೆ_ಪರೇಲ್
ಹೇಳಿದರೆ ಇಂಜೆಕ್ಷನ್ ಚುಚ್ಚುತ್ತಾರೆ ಅನ್ನುವ ಹೆದರಿಕೆ ಅದು. ಔಷಧಿ ರಕ್ತನಾಳಕ್ಕೆ ಈಗಾಗಲೇ ಹಾಕಿರುವ ನಳಿಗೆಯಿಂದಲೇ (ಲೈನ್) ಹೋಗುತ್ತದೆ, ಹೊಸದಾಗಿ ಚುಚ್ಚುವುದಿಲ್ಲ ಅಂತ ಮೊದಲೇ ಹೇಳಿ. ಏಳು ವರ್ಷದವಳಿಗೆ ನಗುವ ಮುಖದಿಂದ ಅಳುವ ಮುಖದವರೆಗಿನ ಆರು ಮುಖಗಳ ಚಾರ್ಟ್ ತೋರಿಸಿ, ಬೆರಳಿಡಲಿ. ಎಂಟು ವರ್ಷ ದಾಟಿದವರು ಸೊನ್ನೆಯಿಂದ ಹತ್ತರಲ್ಲಿ ಹೇಳಬಲ್ಲರು. ಮಾತು ಬಾರದ ಕೂಸಿಗೆ ಮುಖ, ಕಾಲು, ಚಲನೆ, ಅಳು, ಸಮಾಧಾನವಾಗುತ್ತದೋ ಇಲ್ಲವೋ ಅನ್ನುವ ಐದನ್ನು ನೋಡಿ ಅಂಕ ಕೊಡುತ್ತೇವೆ. ಸದ್ದಿಲ್ಲದೆ, ಅಲುಗದೆ ಮಲಗಿರುವ ಮಗುವಿಗೆ ನೋವಿಲ್ಲ ಅಂದುಕೊಳ್ಳಬೇಡಿ. ಅಲುಗಿದರೆ ನೋಯುತ್ತದೆ ಅಂತಲೇ ಎಷ್ಟೋ ಮಕ್ಕಳು ಅಲುಗುವುದಿಲ್ಲ.

ಗುಂಡಿ ಒತ್ತಿದರೆ ಔಷಧಿ ಬರುವ ಪಂಪ್ ಕೊಟ್ಟರೆ ಒತ್ತುವುದು ಮಗು ಮಾತ್ರ. ನಿದ್ದೆಯಲ್ಲಿರುವಾಗ ಅಮ್ಮ ಕರುಣೆಯಿಂದ ಒತ್ತಿದರೆ ಉಸಿರಾಟ ಇಳಿಯುತ್ತದೆ. ನಿದ್ದೆಯಲ್ಲಿರುವ ಮಗು ತಾನಾಗಿ ಒತ್ತುವುದಿಲ್ಲ ಅನ್ನುವುದೇ ಆ ಪಂಪಿನ ಕಾವಲು.

ಪಣಜಿ_ದಾರಿ
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಸಂಬಂಧಿಕರ ಹುಡುಗ, 16 ವರ್ಷ, ಗೋವಾದಿಂದ ಮುಂಬೈಗೆ ಕಳಿಸಿದ್ದಾರೆ. ಮಂಡಿ ಹತ್ತಿರ ಆಸ್ಟಿಯೊಸಾರ್ಕೋಮ, ಅಂದರೆ ಮೂಳೆ ಕ್ಯಾನ್ಸರ್. ಕಾಲು ಉಳಿಸಿ ಒಳಗೆ ಲೋಹದ ಕೀಲು ಹಾಕುತ್ತಾರಂತೆ. ಆಮೇಲೆ ಮಂಡಿ ಎಷ್ಟು ದಿನಕ್ಕೆ ಮಡಿಸಬೇಕು? ಒಬ್ಬರು ಮರುದಿನದಿಂದಲೇ ಅಂದರು, ಇನ್ನೊಬ್ಬರು ಆರು ವಾರ ಮುಟ್ಟಲೇಬೇಡಿ ಅಂದರು.

ನಡಿಗೆ_ಫಿಸಿಯೊ
ಇಬ್ಬರೂ ಸರಿ ಇರಬಹುದು. ಯಾವ ಮೂಳೆ ಕೊಯ್ದರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ತೊಡೆಮೂಳೆಯ ಕೆಳತುದಿಯಾದರೆ ಮಂಡಿಯನ್ನು ಬೇಗ ಮಡಿಸಲು ಶುರು ಮಾಡುತ್ತಾರೆ, ತಡಮಾಡಿದರೆ ಬಿಗಿದುಕೊಳ್ಳುತ್ತದೆ. ಮೊಣಕಾಲ ಕೆಳಗಿನ ಮೂಳೆಯ ಮೇಲ್ತುದಿಯಾದರೆ ಕತೆ ಬೇರೆ. ಮಂಡಿಚಿಪ್ಪಿನಿಂದ ಇಳಿಯುವ ಸ್ನಾಯುರಜ್ಜು ಅಂಟಿಕೊಂಡಿರುವುದೇ ಆ ಜಾಗಕ್ಕೆ. ಮೂಳೆ ತೆಗೆದಾಗ ಅದನ್ನು ಬಿಚ್ಚಿ ಲೋಹಕ್ಕೆ ಕಟ್ಟಿ, ಮೀನಖಂಡದ ಸ್ನಾಯು ತಿರುಗಿಸಿ ತಂದು ಮುಚ್ಚಿರುತ್ತಾರೆ. ಅದು ಕೂಡಿಕೊಳ್ಳಲು ನಾಲ್ಕರಿಂದ ಆರು ವಾರ ಕಾಲು ಬ್ರೇಸಿನಲ್ಲಿ ನೆಟ್ಟಗೆ ಇರಬೇಕು. ಅವಸರಕ್ಕೆ ಮಡಿಸಿದರೆ ರಜ್ಜು ಜಾರಿ, ಮುಂದೆ ಮಂಡಿಯನ್ನು ತಾನಾಗಿ ನೇರ ಮಾಡಲು ಬರುವುದಿಲ್ಲ. ಹಾಗಾಗಿ ಪಕ್ಕದ ಬೆಡ್ಡಿನವನ ವ್ಯಾಯಾಮ ನೋಡಿ ಮಾಡಬೇಡಿ. ಡಿಸ್‌ಚಾರ್ಜ್ ಚೀಟಿಯಲ್ಲಿ ಎರಡು ವಿಷಯ ಬರೆಸಿಕೊಳ್ಳಿ: ಎಷ್ಟು ಡಿಗ್ರಿ ಮಡಿಸಬಹುದು, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು.

ಎರಡಕ್ಕೂ ಸಮಾನವಾದ ತಪ್ಪು, ಮಂಡಿ ಕೆಳಗೆ ದಿಂಬು. ಹಾಯಾಗಿರುತ್ತದೆ, ಆದರೆ ಮಂಡಿ ಬಾಗಿದ ಹಾಗೇ ಕೂತುಬಿಡುತ್ತದೆ. ಸುತ್ತಿದ ಟವೆಲ್ ಹಿಮ್ಮಡಿಯ ಕೆಳಗಿಡಿ, ಮಂಡಿ ತನ್ನ ಭಾರಕ್ಕೆ ನೇರವಾಗುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸುವುದು ಮೊದಲ ದಿನದಿಂದಲೇ, ಗಂಟೆಗೆ ಇಪ್ಪತ್ತು ಸಲ. ಹೆಬ್ಬೆರಳು ಮೇಲಕ್ಕೆ ಏಳದಿದ್ದರೆ, ಪಾದ ಜೋತುಬಿದ್ದರೆ ಅದೇ ದಿನ ತಿಳಿಸಿ. ನರ ಜಗ್ಗಿರಬಹುದು, ಪಟ್ಟಿ ಬಿಗಿಯಾಗಿರಬಹುದು. ಕೀಮೋದ ವಿನ್‌ಕ್ರಿಸ್ಟೀನಿನಿಂದಲೂ ಪಾದ ಜೋಲುತ್ತದೆ, ಆದರೆ ಅದು ಎರಡೂ ಕಾಲಲ್ಲಿ ಮೆಲ್ಲಗೆ ಬರುವಂಥದ್ದು.

ಊರುಗೋಲು: ಮೇಲ್ತುದಿ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗೆ, ಹಿಡಿ ಮಣಿಕಟ್ಟಿನ ಮಟ್ಟಕ್ಕೆ. ಭಾರ ಅಂಗೈ ಮೇಲೆ. ಕಂಕುಳಲ್ಲಿ ನೇತಾಡಿದರೆ ಕೈ ಜುಮ್ಮೆನ್ನುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ಆಪರೇಶನ್ ಕಾಲು ಮೊದಲು. ದಾದರ್ ಸೇತುವೆಯ ಜನಸಂದಣಿಯಲ್ಲಿ ಇದನ್ನು ಕಲಿಯಲು ಹೋಗಬೇಡಿ, ವಾರ್ಡಿನ ಮೆಟ್ಟಿಲಲ್ಲೇ ಕಲಿತು ಬನ್ನಿ. ಕೆಳಗೆ ಕೂರುವ ಶೌಚಾಲಯ ಇರುವ ಕೋಣೆಯಾದರೆ ತೂತಿನ ಕುರ್ಚಿ ಮೊದಲೇ ತಂದಿಡಿ.

ಮಾತ್ರೆ_ಪುಣೆ
16ರ ಹುಡುಗನಿಗೂ 7ರ ಹುಡುಗಿಗೂ ಸೇರಿ ಒಂದೇ ಎಚ್ಚರಿಕೆ: ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೇಳಿ ತರಬೇಡಿ. ಕಾಂಬಿಫ್ಲಾಮ್ ಒಳಗೆ ಐಬುಪ್ರೊಫೆನ್ ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಗಡ್ಡೆಯಿರುವ ಕಿಡ್ನಿ ತೆಗೆದ ಮೇಲೆ ಹುಡುಗಿಗೆ ಉಳಿಯುವುದು ಒಂದೇ ಕಿಡ್ನಿ. ಹುಡುಗನಿಗೆ ಕೊಡುವ ಕೀಮೋ ಔಷಧಿ ಸಿಸ್‌ಪ್ಲಾಟಿನ್, ಐಫಾಸ್ಫಮೈಡ್ ಎರಡೂ ಕಿಡ್ನಿಗೆ ಭಾರ. ಟಾಟಾ ಆಸ್ಪತ್ರೆಯಲ್ಲಿ ರೂಪಿಸಿದ ಒಜಿಎಸ್-12 ಅನ್ನುವ ಆಸ್ಟಿಯೊಸಾರ್ಕೋಮ ಕೀಮೋ ಕ್ರಮದಲ್ಲಿ ಮೆಥೊಟ್ರೆಕ್ಸೇಟ್ ಅನ್ನುವ ಔಷಧಿ ಇಲ್ಲ. ಬೇರೆ ಕಡೆ ಮೆಥೊಟ್ರೆಕ್ಸೇಟ್ ಕೊಡುವವರಿಗಂತೂ ಈ ಮಾತ್ರೆಗಳು ಇನ್ನೂ ಅಪಾಯ, ಆ ಔಷಧಿ ಮೈಯಿಂದ ಹೊರಹೋಗುವುದನ್ನೇ ತಡೆಯುತ್ತವೆ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆ ಇದ್ದರೆ ರಕ್ತಸ್ರಾವದ ಭಯ ಬೇರೆ.

ಪ್ಯಾರಾಸಿಟಮಾಲ್ ಆಗಬಹುದು, ಆದರೆ ಥರ್ಮಾಮೀಟರ್ ನೋಡಿದ ಮೇಲೆ. ಮೊದಲೇ ಕೊಟ್ಟರೆ ಜ್ವರ ಮುಚ್ಚಿಹೋಗುತ್ತದೆ, ಕೌಂಟ್ ಬಿದ್ದ ಮಗುವಿಗೆ ಆ ಜ್ವರವೇ ಇರುವ ಒಂದೇ ಸುಳಿವು. 101 ಡಿಗ್ರಿ ಫ್ಯಾರನ್‌ಹೀಟ್ ಒಂದು ಸಲ ಕಂಡರೂ, 100.4 ಒಂದು ಗಂಟೆ ನಿಂತರೂ ರಾತ್ರಿಯೆನ್ನದೆ ಕ್ಯಾಶುಯಲ್ಟಿಗೆ. ಬೆಳಗಿನ ಒಪಿಡಿಗೆ ಕಾಯಬೇಡಿ. ಅಳೆಯುವುದು ಕಂಕುಳಲ್ಲಿ. ಗುದದಲ್ಲಿ ಥರ್ಮಾಮೀಟರ್, ಮಾತ್ರೆ, ಎನಿಮಾ ಯಾವುದೂ ಬೇಡ, ಸಣ್ಣ ಗೀರಿನಿಂದಲೇ ಕ್ರಿಮಿ ರಕ್ತಕ್ಕೆ ಸೇರುತ್ತದೆ. ಮಾರ್ಫಿನ್, ವಿನ್‌ಕ್ರಿಸ್ಟೀನ್ ಎರಡೂ ಮಲ ಕಟ್ಟುತ್ತವೆ. ಲ್ಯಾಕ್ಟ್ಯುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ನೋವಿನ ಔಷಧಿಯ ಜೊತೆಗೇ ಬರೆಸಿಕೊಳ್ಳಿ, ಮೂರು ದಿನ ಕಟ್ಟಿದ ಮೇಲಲ್ಲ.

ಶುಶ್ರೂಷೆ_ಪರೇಲ್
ವಿಲ್ಮ್ಸ್ ಆಪರೇಶನ್ ಆದವರು ಇನ್ನೆರಡು ತಿಳಿದಿರಿ. ಹಸಿರು ವಾಂತಿ, ಅಂದರೆ ಪಿತ್ತದ ಕಡು ಹಸಿರು, ಹೊಟ್ಟೆ ಉಬ್ಬರ, ಗಾಳಿ ಹೋಗದಿರುವುದು. ಮೊದಲ ಎರಡು ವಾರದಲ್ಲಿ ಕರುಳೊಳಗೆ ಕರುಳು ಹೊಕ್ಕಿರಬಹುದು, ಆಮೇಲಿನ ತಿಂಗಳುಗಳಲ್ಲಿ ಒಳಗಿನ ಅಂಟಿಗೆ ಕರುಳು ಸಿಕ್ಕಿಕೊಂಡಿರಬಹುದು. ಇದನ್ನು ಕೀಮೋ ವಾಂತಿ ಅಂತ ಮನೆಯಲ್ಲಿ ಕೂತು ನೋಡುವುದೇ ದೊಡ್ಡ ತಪ್ಪು. ಕೀಮೋ ವಾಂತಿಗೆ ಸಾಮಾನ್ಯವಾಗಿ ಹೊಟ್ಟೆ ಉಬ್ಬುವುದಿಲ್ಲ.

ಇನ್ನೊಂದು ಬಿಪಿ. ಆ ಗಡ್ಡೆಯಿಂದ ಎಷ್ಟೋ ಮಕ್ಕಳಿಗೆ ಬಿಪಿ ಏರಿರುತ್ತದೆ, ಮಾತ್ರೆ ನಡೆಯುತ್ತಿರುತ್ತದೆ. ಕಿಡ್ನಿ ತೆಗೆದ ಮೇಲೆ ಇಳಿಯಬಹುದು. ಹಳೆಯ ಡೋಸನ್ನೇ ಮುಂದುವರಿಸಬೇಕೋ ಅಂತ ಡಿಸ್‌ಚಾರ್ಜ್ ದಿನ ಬಾಯಿಬಿಟ್ಟು ಕೇಳಿ.

ಡ್ರೈನ್ ಲೆಕ್ಕ ದಿನವೂ ಒಂದೇ ಹೊತ್ತಿಗೆ ಬರೆಯಿರಿ: ಎಷ್ಟು ಎಂಎಲ್, ಬಣ್ಣ ಏನು. ಕೆಂಪಿನಿಂದ ತಿಳಿ ಗುಲಾಬಿ, ಆಮೇಲೆ ಹುಲ್ಲಿನ ಬಣ್ಣ, ಇದು ಸರಿ ದಾರಿ. ಲಿವರ್ ಆಪರೇಶನ್ ಆದವರಿಗೆ ಹಸಿರು-ಹಳದಿ ಬಂದರೆ ಪಿತ್ತ ಸೋರುತ್ತಿದೆ. ಊಟ ಶುರುವಾದ ಮೇಲೆ ಹಾಲಿನಂತೆ ಬಿಳಿ ಬಂದರೆ ಕರುಳಿನಿಂದ ಕೊಬ್ಬು ಒಯ್ಯುವ ದುಗ್ಧರಸ ನಾಳ ಸೋರುತ್ತಿದೆ. ನ್ಯೂರೋಬ್ಲಾಸ್ಟೋಮದಂಥ ಬೆನ್ನುಮೂಳೆ ಪಕ್ಕದ ಗಡ್ಡೆ ತೆಗೆದವರಲ್ಲಿ ಇದು ಕಾಣುತ್ತದೆ.

ಪಣಜಿ_ದಾರಿ
ಬಿಳಿ ಬಂದರೆ ಕೊಬ್ಬು ಬಿಟ್ಟು ಎಂಸಿಟಿ ಎಣ್ಣೆ ಕೊಡುತ್ತಾರೆ ಅಂತ ಓದಿದ್ದೆ. ಕೊಬ್ಬರಿ ಎಣ್ಣೆಯೂ ಅದೇ ಅಲ್ಲವಾ? ನಮ್ಮ ಕಡೆ ಮನೆಮನೆಯಲ್ಲಿದೆ.

ಅಡುಗೆಮನೆ_ಲೆಕ್ಕ
ಅದೇ ಅಲ್ಲ. ಎಂಸಿಟಿ ಅಂದರೆ ಎಂಟು ಮತ್ತು ಹತ್ತು ಇಂಗಾಲದ ಕೊಬ್ಬು, ನೇರವಾಗಿ ರಕ್ತಕ್ಕೆ ಸೇರಿ ಲಿವರಿಗೆ ಹೋಗುತ್ತದೆ, ಸೋರುವ ನಾಳದ ಕಡೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಅದು ಸ್ವಲ್ಪವೇ. ಅರ್ಧದಷ್ಟು ಲಾರಿಕ್ ಆಮ್ಲ, ಅದರ ಬಹುಪಾಲು ಆ ನಾಳದಿಂದಲೇ ಹೋಗುತ್ತದೆ. ಎರಡು ಚಮಚ ಹಾಕಿ ಸಾರು ಒಗ್ಗರಿಸಿದರೆ ಮರುದಿನ ಡ್ರೈನ್ ಮತ್ತೆ ಹಾಲಾಗುತ್ತದೆ. ಅಷ್ಟು ದಿನ ತುಪ್ಪ, ತೆಂಗಿನಕಾಯಿ, ಶೇಂಗಾ ಎಲ್ಲ ಬಂದ್. ಕೆನೆ ತೆಗೆದ ಹಾಲು, ಬೇಳೆಕಟ್ಟು, ಮೊಟ್ಟೆಯ ಬಿಳಿ. ಇಲ್ಲಿ ನಾನೇ ಪಥ್ಯ ಹೇಳುತ್ತಿದ್ದೇನೆ ಅಂತ ಅಜ್ಜಿ ನಗಬಾರದು!

ಸೊಲ್ಲಾಪುರ_ಅಜ್ಜಿ
ನಗೂದಿಲ್ಲವಾ. ಕಾರಣ ಹೇಳಿದ ಪಥ್ಯ ಪಾಲಿಸ್ಲಿಕ್ಕ ಏನಡ್ಡಿ.

ನಡಿಗೆ_ಫಿಸಿಯೊ
ಪಣಜಿಯವರೇ, ಹುಡುಗನ ಬಗ್ಗೆ ಬರೆಯದೆ ಬಿಟ್ಟದ್ದೊಂದಿದೆ. 16ರ ಪ್ರಾಯದವರ ಮುಂದೆ ಎಲ್ಲ ಮಾತನ್ನೂ ದೊಡ್ಡವರೇ ಆಡುತ್ತಾರೆ, ಅವನು ಫೋನ್ ನೋಡುತ್ತಾ ಕೂತಿರುತ್ತಾನೆ. ವ್ಯಾಯಾಮ ಮಾಡಬೇಕಾದವನು ಅವನು. ಡಾಕ್ಟರ್ ಹತ್ತಿರ ಅವನೊಬ್ಬನೇ ಐದು ನಿಮಿಷ ಮಾತಾಡಲಿ. ಮೂತ್ರದ ಬಾಟಲಿಗೆ ನಾಚಿ ನೀರೇ ಕುಡಿಯದ ಹುಡುಗರಿದ್ದಾರೆ, ಪರದೆ ಎಳೆಯಿರಿ, ಅಪ್ಪನೋ ಅಣ್ಣನೋ ಇರಲಿ, ಚಿಕ್ಕಮ್ಮ ಬೇಡ. ಕೀಮೋ ಇನ್ನೂ ಶುರುವಾಗಿಲ್ಲವಾದರೆ ವೀರ್ಯ ಸಂಗ್ರಹಿಸಿಡುವ ವಿಷಯ ಈಗಲೇ ಕೇಳಬೇಕು, ಶುರುವಾದ ಮೇಲೆ ಹೊತ್ತು ಮೀರುತ್ತದೆ.

ಕಾಲು ಉಳಿಸಲಾಗದೆ ತೆಗೆಯಬೇಕಾಗಿ ಬಂದರೆ: ಮೊಂಡಿಗೆ ಕ್ರೇಪ್ ಬ್ಯಾಂಡೇಜ್ ಎಂಟರ ಆಕಾರದಲ್ಲಿ, ತುದಿಯಲ್ಲಿ ಬಿಗಿ, ಮೇಲಕ್ಕೆ ಬರುತ್ತಾ ಸಡಿಲ. ಬಳೆಯಂತೆ ಸುತ್ತಿದರೆ ತುದಿ ಊದಿ ಗಿಂಡಿಯಂತಾಗುತ್ತದೆ, ಕೃತಕ ಕಾಲು ಕೂರುವುದಿಲ್ಲ. ದಿನಕ್ಕೆ ಮೂರು ಸಲ ಇಪ್ಪತ್ತು ನಿಮಿಷ ಬೋರಲಾಗಿ ಮಲಗಲಿ, ಸೊಂಟದ ಕೀಲು ಬಾಗಿ ನಿಲ್ಲದಿರಲಿ. ಇಲ್ಲದ ಪಾದ ಉರಿಯುತ್ತದೆ ಅಂದರೆ ಅದು ಸುಳ್ಳಲ್ಲ, ಹುಚ್ಚೂ ಅಲ್ಲ. ಅದಕ್ಕೆ ಔಷಧಿ ಇದೆ, ಕನ್ನಡಿ ಇಟ್ಟು ಮಾಡಿಸುವ ವ್ಯಾಯಾಮ ಇದೆ. ಕೇಳಿ.

ದಾದರ್_ಈಸ್ಟ್
ಜಾಗದ ವಿಷಯ ನಾನು ಹೇಳುತ್ತೇನೆ. ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್‌ಗಳು 2006ರಿಂದ ಮುಂಬೈಯಲ್ಲಿವೆ, ಮಗು ಮತ್ತು ತಂದೆತಾಯಿಗೆ ಉಚಿತ. ದಾದರ್‌ನ ಗಾಡಗೆ ಮಹಾರಾಜ್ ಧರ್ಮಶಾಲೆ, ಪರೇಲ್‌ನ ನಾನಾ ಪಾಲ್ಕರ್ ಸ್ಮೃತಿ ಸಮಿತಿ ಕಡಿಮೆ ದರದವು. ಆಸ್ಪತ್ರೆಯ ಸಮಾಜಸೇವಾ ವಿಭಾಗದ ಚೀಟಿ ಹಿಡಿದೇ ಹೋಗಿ. ಡಿಸ್‌ಚಾರ್ಜ್ ಆದ ದಿನ ಹುಡುಕಲು ಹೊರಟರೆ ಸಿಗುವುದಿಲ್ಲ, ಈಗಲೇ ಹೆಸರು ಬರೆಸಿ. ಟಾಟಾದ್ದು ಪರೇಲ್ ಅಲ್ಲದೆ ಖಾರಘರ್‌ನಲ್ಲೂ ಆವರಣ ಇದೆ, ಅಪಾಯಿಂಟ್‌ಮೆಂಟ್ ಚೀಟಿಯಲ್ಲಿ ಯಾವುದು ಅಂತ ಓದಿ ಹೊರಡಿ. ಬೆಳಗ್ಗೆ ಎಂಟರಿಂದ ಹತ್ತೂವರೆಯ ಲೋಕಲ್‌ಗೆ ಹೊಲಿಗೆಯ ಹೊಟ್ಟೆ ಹೊತ್ತ ಮಗುವನ್ನು ಹತ್ತಿಸಬೇಡಿ.

ರೈಲು ರಿಯಾಯಿತಿ: ಆಸ್ಪತ್ರೆ ಕೊಡುವ ನಮೂನೆಯ ಮೇಲೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ನೂರಕ್ಕೆ ನೂರು, ಜೊತೆಗಾರ ಒಬ್ಬರಿಗೆ 75. ಆದರೆ ಕಾಕಾ, ಟಿಕೆಟ್ ಸಿಗುತ್ತದೆ ಅಂತ ಆ 21 ದಿನದ ನಡುವೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಯಾದಗಿರಿಗೆ ಹೋಗಿಬರುವ ಯೋಚನೆ ಬೇಡ. ವಾಡಿ ದಾಟುವಾಗ 101 ಜ್ವರ ಬಂದರೆ ಎಲ್ಲಿ ಇಳಿಯುತ್ತೀರಿ?

ಶುಶ್ರೂಷೆ_ಪರೇಲ್
ಕೋಣೆಗೆ ಬಂದ ಮೇಲೆ ಲೈನ್ ನೋಡಿಕೊಳ್ಳುವುದೂ ನಿಮ್ಮ ಕೆಲಸ. ಪಿಕ್ ಲೈನ್ (ತೋಳಿನ ರಕ್ತನಾಳಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುವ ನಳಿಗೆ) ಇದ್ದರೆ ವಾರಕ್ಕೊಮ್ಮೆ ಡ್ರೆಸಿಂಗ್, ಪ್ಲಾಸ್ಟಿಕ್ ಅಂಚು ಎದ್ದರೆ ಅದೇ ದಿನ. ಸ್ನಾನದ ಬದಲು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ. ಮುಂಬೈ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಅರೆ ಒಣಗಿದ ಟವೆಲನ್ನು ಗಾಯದ ಹತ್ತಿರ ತರಬೇಡಿ, ಇಸ್ತ್ರಿ ಹಾಕಿ. ಲೈನ್ ತೊಳೆದ ಅರ್ಧ ಗಂಟೆಯಲ್ಲಿ ಚಳಿ ಹತ್ತಿ ನಡುಗಿದರೆ ಲೈನಿನಲ್ಲೇ ಸೋಂಕು ಇದೆ ಅಂತ ತಿಳಿದು ಓಡಿ. ಗಾಯದ ಸುತ್ತ ಕೆಂಪು ಇದೆ ಅನಿಸಿದರೆ ಪೆನ್ನಿನಿಂದ ಅಂಚಿಗೆ ಗೆರೆ ಎಳೆದು ಗಂಟೆ ಬರೆಯಿರಿ. ಸಂಜೆಗೆ ಕೆಂಪು ಗೆರೆ ದಾಟಿದರೆ ಫೋಟೊ ಸಮೇತ ಬನ್ನಿ.

ನೀರು: 21 ಕೆಜಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್, ಹಾಲು ಸಾರು ಎಲ್ಲ ಸೇರಿ. ಮೂತ್ರ ತಿಳಿಯಾಗಿದ್ದರೆ ಕುಡಿದ ನೀರು ಸಾಕಾಗಿದೆ ಅಂತ ಅರ್ಥ.

ಯಾದಗಿರಿ_ಕಾಕಾ
ಎಲ್ಲಾ ಒಂದು ನೋಟ್‌ಬುಕ್ಕಿನ್ಯಾಗ ಬರಕೊಂಡೀನ್ರಿ. ಒಂದು ಕೊನೀ ಪ್ರಶ್ನೆ. ಪ್ಯಾರಾಸಿಟಮಾಲ್ ಸಿರಪ್ 6 ಎಂಎಲ್ ಅಂತ ಬರದಾರ. ಊರಿಂದ ತಂದ ಬಾಟಲಿ ಒಂದದ, ಇಲ್ಲಿ ತೊಗೊಂಡಿದ್ದು ಒಂದದ. ಎರಡೂ ಗುಲಾಬಿ ಬಣ್ಣ. ಯಾವುದು ಕೊಟ್ರೂ ನಡೀತದೇನ್ರಿ?

ಮಾತ್ರೆ_ಪುಣೆ
ನಡೆಯುವುದಿಲ್ಲ. ಲೇಬಲ್ಲಿನ ಸಣ್ಣ ಅಕ್ಷರ ಓದಿ: ಒಂದರಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇರುತ್ತದೆ, ಇನ್ನೊಂದರಲ್ಲಿ 250. ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ 21 ಕೆಜಿಗೆ 300ರ ಹತ್ತಿರ. 250ರ ಬಾಟಲಿಯಲ್ಲಿ 6 ಎಂಎಲ್ ಕೊಟ್ಟರೆ 300 ಆಗುತ್ತದೆ, ಡಾಕ್ಟರ್ ಅದನ್ನೇ ಮನಸ್ಸಲ್ಲಿಟ್ಟು ಬರೆದಂತಿದೆ. 120ರ ಬಾಟಲಿಯಲ್ಲಿ ಅದೇ 6 ಎಂಎಲ್ ಅಂದರೆ 144, ಅರ್ಧ ಡೋಸು, ಮಗು ನೋವಲ್ಲೇ ಇರುತ್ತದೆ. ಇನ್ನು 120ಕ್ಕೆ ಹೇಳಿದ 12.5 ಎಂಎಲ್ ಅನ್ನು 250ರಿಂದ ಕೊಟ್ಟರೆ 625, ದುಪ್ಪಟ್ಟು. ಕೂಸುಗಳ ಡ್ರಾಪ್ಸ್ ಇನ್ನೂ ಗಟ್ಟಿ, 1 ಎಂಎಲ್‌ಗೇ 100. ನಾಳೆ ಚೀಟಿಯ ಮೇಲೆ ಎಂಎಲ್ ಪಕ್ಕದಲ್ಲಿ ಮಿಲಿಗ್ರಾಂ ಬರೆಸಿಕೊಳ್ಳಿ. ಎರಡು ಡೋಸಿನ ನಡುವೆ 6 ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ.

ಯಾದಗಿರಿ_ಕಾಕಾ
ಊರಿಂದು 120, ಇಲ್ಲಿದು 250 ಅದ್ರಿ. ಊರಿನ ಬಾಟಲಿ ಚೀಲದಾಗ ಕಟ್ಟಿಟ್ಟೆ. ಮುಚ್ಚಳದಾಗ ಅಳತಿ ಗೆರಿ ಅದಾವ, ಅದರಾಗ ಅಳೀಲೇನ್ರಿ?

ಮಾತ್ರೆ_ಪುಣೆ
ಮುಚ್ಚಳದಲ್ಲಿ 2.5, 5, 10ಕ್ಕೆ ಗೆರೆ ಇರುತ್ತದೆ, 6ಕ್ಕೆ ಇರುವುದಿಲ್ಲ. ಸೂಜಿ ಇಲ್ಲದ 10 ಎಂಎಲ್ ಸಿರಿಂಜ್ ಕೊಳ್ಳಿ, ಸಿರಪ್ಪಿಗೆ ಮಾತ್ರ ಅಂತ ಬೇರೆ ಇಡಿ. 6ರ ಗೆರೆಗೆ ಬಣ್ಣದ ಟೇಪ್ ಅಂಟಿಸಿಬಿಡಿ, ರಾತ್ರಿ ಎರಡು ಗಂಟೆಗೆ ಮಂದ ದೀಪದಲ್ಲೂ ತಿಳಿಯುತ್ತದೆ. ಕೊಡುವಾಗ ನಾಲಿಗೆ ಮೇಲಲ್ಲ, ಕೆನ್ನೆಯ ಒಳಬದಿಗೆ, ಮೆಲ್ಲಗೆ.